ಜೇನಿನ ಸಿಟ್ಟು ಎಲ್ಲಿಂದ ಬರುತ್ತದೆ?



ಲಾಯಿಲದ ಅಡಿಕೆ ತೋಟಗಳಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇರಿಸಿದವರು ಒಂದು ಮಾತು ಹೇಳುವುದುಂಟು. ಒಂದೇ ತೋಟ, ಒಂದೇ ಹೂವು. ಆದರೂ ಒಂದು ಪೆಟ್ಟಿಗೆಯ ನೊಣ ಕೈಮೇಲೆ ನಡೆದಾಡಿದರೆ, ಪಕ್ಕದ ಪೆಟ್ಟಿಗೆಯದು ಮುಚ್ಚಳ ತೆಗೆಯುವ ಮೊದಲೇ ಮುಖಕ್ಕೆ ಬರುತ್ತದೆ. ಇಂತಹ ಒಂದು ಪೆಟ್ಟಿಗೆಗೆ ಹೆದರಿ ಜೇನು ಸಾಕಣೆಯನ್ನೇ ಬಿಟ್ಟವರಿದ್ದಾರೆ. ಬಿಡುವ ಮೊದಲು ಕಾರಣ ತಿಳಿಯುವುದು ಒಳ್ಳೆಯದು.

ಜೇನು ಕುಟುಕಿದಾಗ ಅದರ ಮುಳ್ಳು ವಿಷದ ಚೀಲದೊಡನೆ ನಮ್ಮ ಚರ್ಮದಲ್ಲಿಯೇ ಉಳಿಯುತ್ತದೆ. ಅದರ ಬುಡದಿಂದ ಕಳಿತ ಬಾಳೆಹಣ್ಣಿನಂತಹ ವಾಸನೆ ಹೊರಡುತ್ತದೆ. ಡಿಪ್ಲೊಮಾ ಓದುವಾಗ ನಾನು ಇದನ್ನು ನಂಬಿರಲಿಲ್ಲ. ಕುಟುಕಿಸಿಕೊಂಡು ಮೂಸಿದ ಮೇಲೆ ನಂಬಿದೆ. ಇದರ ಮುಖ್ಯ ದ್ರವ್ಯವು ಐಸೊಅಮೈಲ್ ಅಸಿಟೇಟ್ ಎಂದು ವಿಜ್ಞಾನಿಗಳು 1962ರಲ್ಲಿ ಗುರುತಿಸಿದರು. ಬಾಳೆಹಣ್ಣಿನ ಪರಿಮಳದಲ್ಲಿಯೂ ಅದೇ ಇದೆ. ಗೂಡಿನವರಿಗೆ ಇದು ಡಂಗುರ ಹೊಡೆದಂತೆ. ಆದುದರಿಂದಲೇ ಒಂದು ಕುಟುಕಿದ ಜಾಗಕ್ಕೆ ಹತ್ತು ಬರುತ್ತವೆ. ಹೆಜ್ಜೇನಿನಲ್ಲಿ ಇದರ ಜೊತೆಗೆ ನಿಧಾನವಾಗಿ ಆರುವ ಇನ್ನೊಂದು ದ್ರವ್ಯವೂ ಉಂಟು.

ಮುಳ್ಳನ್ನು ಕೂಡಲೇ ತೆಗೆಯಿರಿ. ಕೆರೆದು ತೆಗೆಯಬೇಕೇ, ಚಿವುಟಿ ತೆಗೆಯಬೇಕೇ ಎಂಬ ಚರ್ಚೆ ಬೇಡ; ತಡವಾದಷ್ಟೂ ವಿಷ ಒಳಗಿಳಿಯುತ್ತದೆ. ಬಳಿಕ ಆ ಜಾಗಕ್ಕೆ ಹೊಗೆ ಹಿಡಿಯಿರಿ. ಹೊಗೆ ತಾಗಿದ ಜೇನಿನ ಮೀಸೆಗೆ ಆ ವಾಸನೆ ಸ್ವಲ್ಪ ಹೊತ್ತು ಸರಿಯಾಗಿ ತಿಳಿಯುವುದಿಲ್ಲ. ಕುಟುಕಿಸಿಕೊಂಡವರಿಗೆ ಉಸಿರು ಕಟ್ಟಿದರೆ ಅಥವಾ ಮೈಯೆಲ್ಲ ದದ್ದು ಎದ್ದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಈ ವಾಸನೆ ಎಲ್ಲ ಪೆಟ್ಟಿಗೆಯಲ್ಲಿಯೂ ಇದೆ. ಅದಕ್ಕೆ ಎಷ್ಟು ನೊಣ, ಎಷ್ಟು ಬೇಗ ಏಳುತ್ತವೆ ಎಂಬುದರಲ್ಲಿ ವ್ಯತ್ಯಾಸ. ಹಸಿವು, ಇರುವೆ ಕಾಟ, ರಾಣಿ ಇಲ್ಲದಿರುವುದು, ಇವುಗಳಿಂದಲೂ ಸಿಟ್ಟು ಬರುತ್ತದೆ. ಅವನ್ನು ಸರಿಪಡಿಸಿ, ಬೇರೆ ಬೇರೆ ದಿನ ಮೂರು ನಾಲ್ಕು ಸಲ ನೋಡಿದರೂ ಪೆಟ್ಟಿಗೆ ಹಾಗೆಯೇ ಇದ್ದರೆ, ಅದು ವಂಶದ ಗುಣವೆಂದು ತಿಳಿಯಬಹುದು.

ವಂಶದ ಬಲ ಎಷ್ಟೆಂಬುದು ಬ್ರೆಜಿಲ್ ದೇಶದಲ್ಲಿ ಕಂಡುಬಂತು. 1956ರಲ್ಲಿ ಅಲ್ಲಿಗೆ ಆಫ್ರಿಕದ ರಾಣಿಗಳನ್ನು ತಂದರು. ಮರು ವರ್ಷ 26 ಕುಟುಂಬಗಳು ತಪ್ಪಿಸಿಕೊಂಡವು. ಅವುಗಳ ಗಂಡುಗಳು ಊರಿನ ಸಾಧು ರಾಣಿಗಳೊಡನೆ ಕೂಡಿದವು. ಹುಟ್ಟಿದ ಮಕ್ಕಳು ಸಿಟ್ಟಿನವಾದವು. ಅದು ತುಡುವೆಯಲ್ಲ, ಬೇರೆ ಜಾತಿ. ಆದರೆ ಸಂತಾನದ ರೀತಿ ನಮ್ಮ ತುಡುವೆಯಲ್ಲಿಯೂ ಅದೇ.

ಆ ರೀತಿ ವಿಚಿತ್ರವಾದುದು. ಗಂಡು ಜೇನಿಗೆ ತಂದೆಯಿಲ್ಲ! ಫಲಿಸದ ಮೊಟ್ಟೆಯಿಂದ ಹುಟ್ಟುವುದರಿಂದ ಅದರ ಗುಣವೆಲ್ಲ ತಾಯಿಯದು. ಕೆಲಸಗಾರ ನೊಣಕ್ಕೆ ಅರ್ಧ ರಾಣಿಯಿಂದ, ಅರ್ಧ ತಂದೆಯಿಂದ. ರಾಣಿಯು ಆಕಾಶದಲ್ಲಿ ಹಾರುತ್ತ ಹತ್ತಕ್ಕೂ ಹೆಚ್ಚು ಗಂಡುಗಳೊಡನೆ ಕೂಡುವುದರಿಂದ ಒಂದೇ ಪೆಟ್ಟಿಗೆಯೊಳಗೆ ಹಲವು ತಂದೆಯರ ಮಕ್ಕಳಿರುತ್ತಾರೆ. ಬಾಗಿಲು ಕಾಯುವ ಚಟ ಕೆಲವು ತಂದೆಯರ ಮಕ್ಕಳಲ್ಲಿ ಹೆಚ್ಚು.

ಆದುದರಿಂದ ಸಿಟ್ಟಿನ ಪೆಟ್ಟಿಗೆಯನ್ನು ಸುಡಬೇಡಿ. ಅದರ ರಾಣಿಯನ್ನು ತೆಗೆದು, ಸಾಧು ಪೆಟ್ಟಿಗೆಯ ರಾಣಿ ಕೋಶವನ್ನು ಕೊಡಿ. ಹಳೆಯ ನೊಣಗಳು ಸತ್ತು ಹೊಸವು ತುಂಬಲು ಒಂದೆರಡು ತಿಂಗಳು ಬೇಕು. ಆದರೆ ಹೊಸ ರಾಣಿ ಕೂಡುವುದು ನೆರೆಯವರ ಪೆಟ್ಟಿಗೆಯ ಗಂಡಿನೊಡನೆ. ನೀವು ಒಬ್ಬರೇ ಆರಿಸಿದರೆ ಅರ್ಧ ಕೆಲಸವಾಯಿತು. ನೆರೆಹೊರೆಯವರೂ ಸಿಟ್ಟಿನ ಪೆಟ್ಟಿಗೆಯಿಂದ ಪಾಲು ಮಾಡುವುದನ್ನು ನಿಲ್ಲಿಸಬೇಕು.

ಹಾಗೆಂದು ಎಲ್ಲರೂ ಒಂದೇ ಪೆಟ್ಟಿಗೆಯ ಸಂತಾನವನ್ನು ಹಂಚಿಕೊಳ್ಳಬಾರದು. 1991-92ರ ಥಾಯ್ ಸ್ಯಾಕ್‌ಬ್ರೂಡ್ ರೋಗದಲ್ಲಿ ನಮ್ಮ ಜಿಲ್ಲೆಯ ಪೆಟ್ಟಿಗೆಗಳು ಬರಿದಾದುದನ್ನು ಹಿರಿಯರು ಬಲ್ಲರು. ಹಲವು ವಂಶಗಳಿದ್ದರೆ ಅಂತಹ ರೋಗದಲ್ಲಿ ಕೆಲವಾದರೂ ಉಳಿದಾವು.

ಮಳೆ ಕಳೆದು ಪಾಲು ಮಾಡುವ ಸಮಯಕ್ಕೆ ಮೊದಲು ನಿಮ್ಮ ಪೆಟ್ಟಿಗೆಗಳಲ್ಲಿ ಯಾವುದು ಸಾಧು, ಯಾವುದು ಸಿಟ್ಟಿನದು ಎಂದು ಸುಣ್ಣದಿಂದ ಗುರುತು ಹಾಕಿರಿ. ತಿಳಿಸಿದರೆ ನಾನೂ ಬರುತ್ತೇನೆ. ಮುಖಪರದೆ ನನ್ನದು, ಹೊಗೆಗೆ ತೆಂಗಿನ ಸಿಪ್ಪೆ ನಿಮ್ಮದಿರಲಿ.