ಮಾರಿದ ಮೇಲೂ ಮುಗಿಯದ ಮಾರಾಟ

ಸ್ಯಾನ್ ಡಿಯಾಗೊದ ಮನೆ ಖಾಲಿ ಮಾಡುವಾಗ ನಾವು ಒಂದು ಹಳೆಯ ಲ್ಯಾಪ್‌ಟಾಪನ್ನು ಆನ್‌ಲೈನಿನಲ್ಲಿ ಮಾರಿದೆವು. ಕೊಂಡವರು ಲಾಸ್ ಏಂಜಲೀಸಿನ ಒಬ್ಬ ವಿದ್ಯಾರ್ಥಿ. 220 ಡಾಲರ್ ಕೈಸೇರಿತು, ಪಾರ್ಸೆಲ್ ಕಳಿಸಿದ್ದಾಯಿತು, ಅಲ್ಲಿಗೆ ಮುಗೀತು ಅಂದುಕೊಂಡೆವು. ನಾಲ್ಕನೇ ದಿನ ರಾತ್ರಿ ಸಂದೇಶ ಬಂತು: "ಬ್ಯಾಟರಿ ಅರ್ಧ ಗಂಟೆಯೂ ನಿಲ್ಲುತ್ತಿಲ್ಲ. ನೀವು ಮೋಸ ಮಾಡಿದ್ದೀರಿ. ಹಣ ವಾಪಸ್ ಕೊಡಿ."

'ಮೋಸ' ಅನ್ನುವ ಮಾತು ಓದಿದ ಕೂಡಲೇ ಮೈ ಉರಿಯಿತು. ಖಾರವಾಗಿ ಉತ್ತರ ಬರೆದೆವು, ಪುಣ್ಯಕ್ಕೆ ಕಳಿಸದೆ ಮಲಗಿದೆವು. ಬೆಳಗ್ಗೆ ಎದ್ದು ನಮ್ಮದೇ ಜಾಹೀರಾತನ್ನು ಓದಿದರೆ "ಎಲ್ಲಾ ಚೆನ್ನಾಗಿ ಕೆಲಸ ಮಾಡುತ್ತೆ" ಅಂತ ಇತ್ತು. ಆದರೆ ಎರಡು ವರ್ಷದಿಂದ ಆ ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿಕೊಂಡೇ ಮೇಜಿನ ಮೇಲಿತ್ತು. ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತ ನಮಗೇ ಗೊತ್ತಿರಲಿಲ್ಲ. ಬೇಕಂತ ಸುಳ್ಳು ಹೇಳಿರಲಿಲ್ಲ ನಿಜ, ಪರೀಕ್ಷೆ ಮಾಡದೆ ಮಾತು ಕೊಟ್ಟಿದ್ದಂತೂ ಹೌದು. ಹೊಸ ಬ್ಯಾಟರಿಯ ಬೆಲೆ 60 ಡಾಲರ್ ವಾಪಸ್ ಕೊಟ್ಟೆವು. ಆ ಹುಡುಗ ಒಪ್ಪಿದ, ದೂರು ಮುಗಿಯಿತು.

ಈ ಮಾತು ಈಗ ಯಾಕೆ ಅಂದರೆ, ನಮ್ಮಲ್ಲಿ ಎಷ್ಟೋ ಜನ ಸಾಮಾನು ಮಾರುವುದು ಅವಸರದಲ್ಲಿ. ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದರೆ ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ. ಆ ಗಡಿಬಿಡಿಯಲ್ಲಿ ಟಿವಿ, ಮಾನಿಟರ್, ಫೋನ್ ಎಲ್ಲ ಒಂದೇ ವಾರದಲ್ಲಿ ಮಾರುತ್ತೇವೆ. ಊರಿಗೆ ಟಿಕೆಟ್ ಮಾಡಿಸಿದ ಹೊತ್ತಿಗೆ ದೂರು ಬಂದರೆ ಏನು ಮಾಡಬೇಕು ಅಂತ ತೋಚುವುದಿಲ್ಲ.

ಮೊದಲು ನಮ್ಮ ಜಾಹೀರಾತು ಓದೋಣ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆ ಸಾಮಾನು ಕೊಂಡವರಿಗೆ ಗೊತ್ತು. ಅಂಗಡಿಯಲ್ಲೇ ಪ್ಲಗ್ ಹಾಕಿ, ಆನ್ ಮಾಡಿ ನೋಡಿ, ಆಮೇಲೆ ದುಡ್ಡು ಕೊಡುತ್ತೇವೆ. ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಆ ಅವಕಾಶ ಇಲ್ಲ, ನಮ್ಮ ಮಾತನ್ನೇ ನಂಬಬೇಕು. ಕ್ಯಾಲಿಫೋರ್ನಿಯಾದ ವಾಣಿಜ್ಯ ಕಾನೂನು ಕೂಡ ಸಾಮಾನಿನ ಬಗ್ಗೆ ಮಾರುವವರು ಕೊಟ್ಟ ವಿವರಣೆಯನ್ನು ನಂಬಿ ಕೊಂಡಿದ್ದರೆ ಅದನ್ನು ಭರವಸೆ ಅಂತಲೇ ಎಣಿಸುತ್ತದೆ. "ಆಸ್ ಈಸ್", ಅಂದರೆ ಇದ್ದ ಹಾಗೇ ಮಾರುತ್ತಿದ್ದೇವೆ ಅಂತ ಬರೆದರೆ ಸ್ವಲ್ಪ ರಕ್ಷಣೆ ಇದೆ. ಆದರೆ "ಸ್ಕ್ರೀನ್‌ನಲ್ಲಿ ಒಂದು ಗೆರೆಯೂ ಇಲ್ಲ" ಅಂತ ಬರೆದು ಒಡೆದ ಸ್ಕ್ರೀನ್ ಕೊಟ್ಟರೆ ಆ ಎರಡು ಪದ ಕಾಪಾಡುವುದಿಲ್ಲ.

ಈಬೇ 1995ರಲ್ಲಿ ಶುರುವಾದಾಗ ಅಲ್ಲಿ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, ಬೆಲೆ 14.83 ಡಾಲರ್. ಅದು ಕೆಟ್ಟಿದೆ ಅಂತ ಗೊತ್ತಿದ್ದೇ ಒಬ್ಬರು ಕೊಂಡರಂತೆ. ಕೆಟ್ಟ ಸಾಮಾನಿಗೂ ಗಿರಾಕಿ ಇರುತ್ತಾರೆ, ಹೇಳಿ ಮಾರಬೇಕು ಅಷ್ಟೆ.

ಉತ್ತರ ಬೇಗ, ಮಾತು ಕಡಿಮೆ

ಸಾಧ್ಯವಾದರೆ ಅದೇ ದಿನ ಉತ್ತರಿಸಿ. ಮಾರಿದ ಆ್ಯಪ್‌ನಲ್ಲೇ ಬರೆಯಿರಿ, ಫೋನಿಗೋ ವಾಟ್ಸಾಪಿಗೋ ಹೋಗಬೇಡಿ. ನಾಳೆ ಜಗಳವಾದರೆ ಕಂಪನಿ ನೋಡುವುದು ಅಲ್ಲಿನ ಬರಹವನ್ನೇ. "ನಿಮಗೆ ತೊಂದರೆ ಆಗಿದ್ದಕ್ಕೆ ಬೇಸರವಾಗಿದೆ. ತೊಂದರೆ ಕಾಣುವಂತೆ ಒಂದು ವಿಡಿಯೋ, ಜೊತೆಗೆ ಸೀರಿಯಲ್ ನಂಬರಿನ ಫೋಟೋ ಕಳಿಸಿ. ನೋಡಿ ನಾಳೆಯೊಳಗೆ ತಿಳಿಸುತ್ತೇವೆ." ಇಷ್ಟು ಸಾಕು. ತಪ್ಪು ಒಪ್ಪಿಕೊಳ್ಳುವ, ಬೈಯುವ ಕೆಲಸ ಎರಡೂ ಈಗ ಬೇಡ.

ಸೀರಿಯಲ್ ನಂಬರ್ ಕೇಳುವುದಕ್ಕೆ ಕಾರಣ ಇದೆ. ಒಳ್ಳೆಯದನ್ನು ಇಟ್ಟುಕೊಂಡು ತಮ್ಮ ಹಾಳಾದದ್ದನ್ನು ವಾಪಸ್ ಕಳಿಸುವವರೂ ಇದ್ದಾರೆ. ಆದ್ದರಿಂದ ಪ್ಯಾಕ್ ಮಾಡುವ ಮೊದಲೇ ಆ ನಂಬರಿನ ಫೋಟೋ ತೆಗೆದಿಡಿ. ಫೋನಾದರೆ *#06# ಒತ್ತಿದರೆ ಐಎಂಇಐ ಸಂಖ್ಯೆ ಬರುತ್ತದೆ.

ಕೆಲವು ದೂರು ಕೂತಲ್ಲೇ ಬಗೆಹರಿಯುತ್ತವೆ. "ಐಫೋನ್ ನಿಮ್ಮ ಪಾಸ್‌ವರ್ಡ್ ಕೇಳ್ತಿದೆ" ಅಂದರೆ ನೀವು 'ಫೈಂಡ್ ಮೈ' ತೆಗೆಯದೆ ಮಾರಿದ್ದೀರಿ ಅಂತ ಅರ್ಥ. ಪಾಸ್‌ವರ್ಡನ್ನು ಯಾರಿಗೂ ಕೊಡಬೇಡಿ. ನಿಮ್ಮ ಐಕ್ಲೌಡ್ ಖಾತೆಗೆ ಹೋಗಿ ಆ ಫೋನನ್ನು ಪಟ್ಟಿಯಿಂದ ತೆಗೆದರೆ ಆಯಿತು. ಬೆಂಗಳೂರಿನಿಂದಲೂ ಮಾಡಬಹುದು.

ಕಂತಿನಲ್ಲಿ ಕೊಂಡ ಫೋನಿನ ಕಥೆ ಬೇರೆ. ಬಾಕಿ ಉಳಿಸಿ ಮಾರಿ ಊರಿಗೆ ಹೋದರೆ ಫೋನ್ ಕಂಪನಿ ಅದನ್ನು ಕಪ್ಪುಪಟ್ಟಿಗೆ ಹಾಕಬಹುದು. ಆಗ ದುಡ್ಡು ಕೊಟ್ಟು ಕೊಂಡವರ ಕೈಯಲ್ಲಿ ಫೋನ್ ಇದ್ದೂ ಇಲ್ಲದಂತೆ. ಅವರೂ ನಮ್ಮ ಹಾಗೆ ದುಡಿದು ತಿನ್ನುವವರೇ ಇರಬಹುದು. ಬಾಕಿ ತೀರಿಸಿಯೇ ಮಾರಿ.

ಕೊಡುವುದೋ, ಬಿಡುವುದೋ

ತಪ್ಪು ನಮ್ಮದಾದರೆ ಎರಡು ದಾರಿ: ದುರಸ್ತಿಗೆ ತಗಲುವಷ್ಟು ಹಣ ಕೊಡುವುದು, ಇಲ್ಲವೇ ಸಾಮಾನು ವಾಪಸ್ ತರಿಸಿ ಪೂರ್ತಿ ಕೊಡುವುದು. ಈಬೇಯಲ್ಲಿ "ವಾಪಸ್ ಇಲ್ಲ" ಅಂತ ಬರೆದಿದ್ದರೂ ವಿವರಣೆಗೆ ಹೊಂದದ ಸಾಮಾನನ್ನು ಕೊಂಡವರು ಹಿಂದಿರುಗಿಸಬಹುದು. ಸಾಮಾನ್ಯವಾಗಿ ಪಾರ್ಸೆಲ್ ತಲುಪಿದ 30 ದಿನದೊಳಗೆ ದೂರು ಕೊಡಲು ಅವಕಾಶವಿದೆ, ಉತ್ತರಿಸಲು ನಮಗೆ ಇರುವುದು ಮೂರು ಕೆಲಸದ ದಿನ, ವಾಪಸ್ ಕಳಿಸುವ ಖರ್ಚೂ ನಮ್ಮದೇ. ವಿಮಾನ ಹತ್ತುವ ವಾರದಲ್ಲಿ ಪಾರ್ಸೆಲ್ ಮಾಡಿ ಮಾರದೆ, ಎದುರಿಗೇ ತೋರಿಸಿ ಕೊಡುವುದು ಲೇಸು. ಹಲವು ಪೊಲೀಸ್ ಠಾಣೆಗಳ ಪಾರ್ಕಿಂಗ್‌ನಲ್ಲಿ ಇಂಥ ವ್ಯವಹಾರಕ್ಕೆ ಜಾಗ ಗುರುತಿಸಿದ್ದಾರೆ. ಅಲ್ಲೇ ಆನ್ ಮಾಡಿ, ಚಾರ್ಜ್ ಹಾಕಿ, ವೈಫೈ, ಕ್ಯಾಮೆರಾ ತೋರಿಸಿ. ಇಬ್ಬರೂ ಒಪ್ಪಿದ್ದನ್ನು ಒಂದು ಸಂದೇಶದಲ್ಲಿ ಬರೆದುಕೊಳ್ಳಿ.

ಹಣ ವಾಪಸ್ ಕೊಡುವಾಗ ಬಂದ ದಾರಿಯಲ್ಲೇ ಕಳಿಸಿ. ಆ್ಯಪ್‌ನಲ್ಲಿ ಬಂದಿದ್ದರೆ ಆ್ಯಪ್‌ನಲ್ಲೇ. "ಝೆಲ್‌ನಲ್ಲಿ ನನ್ನ ಸ್ನೇಹಿತನಿಗೆ ಹಾಕಿ" ಅಂದರೆ ಅನುಮಾನ ಪಡಿ. ಝೆಲ್‌ನಲ್ಲಿ ಹೋದ ಹಣ ಹಿಂದಕ್ಕೆ ಬರುವುದು ಬಹಳ ಕಷ್ಟ.

ತಪ್ಪು ನಮ್ಮದಲ್ಲದಿದ್ದರೆ ಹೆದರಬೇಡಿ. "ಕೇಸ್ ಹಾಕ್ತೀನಿ, ನಿನ್ನ ವೀಸಾ ಹೋಗುತ್ತೆ" ಅಂತ ಬೆದರಿಸಿದರೆ ಆ ಮಾತಿಗೇ ಎಷ್ಟೋ ಜನ ಹಣ ಕೊಟ್ಟುಬಿಡುತ್ತಾರೆ. ಇಂಥ ವ್ಯಾಜ್ಯ ಸಾಮಾನ್ಯವಾಗಿ ಹೋಗುವುದು ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ. ಅದು ಹಣದ ಸಿವಿಲ್ ವಿಚಾರಣೆ, ಪೊಲೀಸ್ ಕೇಸಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವ್ಯಕ್ತಿ ಅಲ್ಲಿ 12,500 ಡಾಲರ್ ತನಕ ಕೇಳಬಹುದು. ಯಾರ ಪರವಾಗಿಯೂ ವಕೀಲರು ವಾದಿಸುವ ಹಾಗಿಲ್ಲ. ನಮ್ಮ ಜಾಹೀರಾತು, ಫೋಟೋ, ಸಂದೇಶಗಳೇ ಅಲ್ಲಿ ನಮ್ಮ ವಕೀಲರು. ಆದರೆ ಕೋರ್ಟಿನಿಂದ ಕಾಗದ ಬಂದರೆ ಮಾತ್ರ ಸುಮ್ಮನಿರಬೇಡಿ. ಹೋಗದಿದ್ದರೆ ತೀರ್ಪು ನಮ್ಮ ವಿರುದ್ಧ ಆಗಬಹುದು.

ಆ ವಿದ್ಯಾರ್ಥಿ ಹೊಸ ಬ್ಯಾಟರಿ ಹಾಕಿಸಿಕೊಂಡು ಒಂದು ಸಂದೇಶ ಕಳಿಸಿದ್ದ: "ಈಗ ಕ್ಲಾಸಿಗೆ ತಗೊಂಡು ಹೋಗ್ತಿದೀನಿ, ಥ್ಯಾಂಕ್ಸ್." ಮುಂದಿನ ವಾರ ನಾವು ಮಾನಿಟರ್ ಮಾರಿದೆವು. ಈ ಸಲ ಜಾಹೀರಾತಿನ ಮೊದಲ ಸಾಲಿನಲ್ಲೇ ಬರೆದೆವು: "ಎಡಗಡೆ ಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ ಇದೆ, ಫೋಟೋ ನೋಡಿ." ಹತ್ತು ಡಾಲರ್ ಕಡಿಮೆಗೆ ಹೋಯಿತು. ದೂರು ಬರಲಿಲ್ಲ.