ಕ್ಯಾನ್ಸರ್ ಮತ್ತು ವೈರಸ್: ಸಂಕೋಚ ಬೇಡ, ತಪಾಸಣೆ ಬೇಕು

ಕ್ಯಾನ್ಸರ್ ಎಂಬ ಹೆಸರನ್ನು ನಮ್ಮ ಮನೆಗಳಲ್ಲಿ ಇಂದಿಗೂ ತಗ್ಗಿದ ದನಿಯಲ್ಲೇ ಹೇಳುತ್ತೇವೆ. ಅದು ಗರ್ಭಕಂಠದ ಕ್ಯಾನ್ಸರ್ ಆಗಿದ್ದರಂತೂ ಮಾತು ಹೆಂಗಸರ ಕೋಣೆ ದಾಟುವುದಿಲ್ಲ. ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಹೆಚ್ಚು ಕಾಣುವುದು ಇದೇ. ವಿಪರ್ಯಾಸವೆಂದರೆ, ಸುಲಭವಾಗಿ ತಡೆಯಬಹುದಾದ ಕ್ಯಾನ್ಸರ್‌ಗಳಲ್ಲಿಯೂ ಇದು ಮುಂದಿದೆ.

ನಮ್ಮ ದೇಹದ ಜೀವಕೋಶಗಳು ಯಾವಾಗ ವಿಭಜನೆಯಾಗಬೇಕು, ಯಾವಾಗ ನಿಲ್ಲಬೇಕು ಎಂಬ ಸೂಚನೆಗಳು ಡಿಎನ್‌ಎಯಲ್ಲಿರುತ್ತವೆ. ತಂಬಾಕಿನ ರಾಸಾಯನಿಕಗಳು, ಸುಡುಬಿಸಿಲಿನ ಅತಿನೇರಳೆ ಕಿರಣಗಳು ಡಿಎನ್‌ಎಯನ್ನು ಕೆಡಿಸುತ್ತವೆ. ಕೋಶ ತನ್ನ ನಕಲು ಮಾಡುವಾಗಲೂ ತಪ್ಪುಗಳಾಗುತ್ತವೆ. ಹೆಚ್ಚಿನವನ್ನು ದೇಹವೇ ಸರಿಪಡಿಸಿಕೊಳ್ಳುತ್ತದೆ. ಇಲ್ಲಿ ಪಿ53 ಎಂಬ ಪ್ರೊಟೀನ್ ಕಾವಲುಗಾರನಂತೆ. ಹಾನಿ ಕಂಡರೆ ಅದು ವಿಭಜನೆಯನ್ನು ತಡೆಯುತ್ತದೆ. ದುರಸ್ತಿ ಆಗದಿದ್ದರೆ ಆ ಕೋಶವನ್ನೇ ಸಾಯಿಸುತ್ತದೆ.

ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಈ ಕಾವಲುಗಾರನನ್ನೇ ಮುಗಿಸುತ್ತದೆ. ಅದರ ಇ6 ಎಂಬ ಪ್ರೊಟೀನ್ ಪಿ53 ಅನ್ನು ನಾಶಮಾಡಿದರೆ, ಇ7 ವಿಭಜನೆಯ ಇನ್ನೊಂದು ಬ್ರೇಕನ್ನು ಕೆಡಿಸುತ್ತದೆ. ಆಮೇಲೆ ಕೆಟ್ಟ ಡಿಎನ್‌ಎ ಹೊತ್ತ ಕೋಶಗಳು ತಡೆಯಿಲ್ಲದೆ ಬೆಳೆಯುತ್ತವೆ. ಜರ್ಮನಿಯ ವಿಜ್ಞಾನಿ ಹರಾಲ್ಡ್ ತ್ಸುರ್ ಹೌಸೆನ್ 1983-84ರಲ್ಲಿ ಗರ್ಭಕಂಠದ ಗೆಡ್ಡೆಗಳಲ್ಲಿ ಈ ವೈರಸ್‌ನ 16 ಮತ್ತು 18ನೇ ಬಗೆಗಳನ್ನು ಗುರುತಿಸಿದರು. 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಈ ಕ್ಯಾನ್ಸರ್‌ನ ಶೇ. 70ರಷ್ಟಕ್ಕೆ ಈ ಎರಡು ಬಗೆಗಳೇ ಕಾರಣ.

ಹೆಪಟೈಟಿಸ್ ಬಿ ವೈರಸ್‌ನ ದಾರಿ ಬೇರೆ. ಅದು ಯಕೃತ್ತಿನಲ್ಲಿ ವರ್ಷಗಟ್ಟಲೆ ಉರಿಯೂತ ಉಂಟುಮಾಡುತ್ತದೆ. ಕೋಶಗಳು ಸತ್ತು ಹುಟ್ಟುತ್ತಲೇ ಇರುವಾಗ ಡಿಎನ್‌ಎಯಲ್ಲಿ ತಪ್ಪುಗಳು ಸೇರುತ್ತಾ ಹೋಗುತ್ತವೆ. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಇದರ ಲಸಿಕೆ ಆರಂಭಿಸಿತು; ಮುಂದೆ ಅಲ್ಲಿ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಗಣನೀಯವಾಗಿ ಇಳಿಯಿತು.

ಇಲ್ಲಿ ಎರಡು ತಪ್ಪು ಕಲ್ಪನೆಗಳನ್ನು ಬಿಡಬೇಕು. ಒಂದು, ಕ್ಯಾನ್ಸರ್ ರೋಗಿಯ ಜೊತೆ ಕುಳಿತು ಉಂಡರೆ ರೋಗ ಅಂಟುವುದಿಲ್ಲ. ಅವರ ತಟ್ಟೆ, ಲೋಟ ಬೇರೆ ಇಡುವುದು ಬರೀ ನೋವು ಕೊಡುತ್ತದೆ. ಎರಡು, ಎಚ್‌ಪಿವಿ ಮುಖ್ಯವಾಗಿ ದಾಂಪತ್ಯ ಸಂಪರ್ಕದಿಂದ ಹರಡುತ್ತದೆ ಎಂದ ಮಾತ್ರಕ್ಕೆ ಯಾರ ನಡತೆಯನ್ನೂ ಶಂಕಿಸಬಾರದು. ಇದು ಅತಿ ಸಾಮಾನ್ಯ ವೈರಸ್. ಗಂಡಸರಲ್ಲಿಯೂ ಲಕ್ಷಣವಿಲ್ಲದೆ ಇರುತ್ತದೆ. ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಉಳಿದುಕೊಂಡರೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಬೇಕು.

ಆ ವರ್ಷಗಳೇ ನಮಗೆ ಸಿಕ್ಕ ಅವಕಾಶ. ಹೆಣ್ಣುಮಕ್ಕಳಿಗೆ 9ರಿಂದ 14ನೇ ವಯಸ್ಸಿನಲ್ಲಿ ಎಚ್‌ಪಿವಿ ಲಸಿಕೆ ಕೊಡಿಸೋಣ. ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿದ್ದಾರೆಯೇ ಎಂದು ಕೇಳೋಣ. ಮೂವತ್ತು ದಾಟಿದ ಮಹಿಳೆಯರು, ಲಸಿಕೆ ಪಡೆದಿದ್ದರೂ, ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಲಿ. ಬೇಕಿದ್ದರೆ ಮಹಿಳಾ ವೈದ್ಯರನ್ನೇ ಕೇಳಬಹುದು. ಮುಟ್ಟು ನಿಂತ ಮೇಲೆ ಅಥವಾ ಮುಟ್ಟಿನ ನಡುವೆ ರಕ್ತ ಕಂಡರೆ ತಡಮಾಡಬಾರದು.

ತಕ್ದೀರ್ ಎಂದು ಕೈಕಟ್ಟಿ ಕೂರುವುದು ತವಕ್ಕುಲ್ ಅಲ್ಲ. ಮನೆಯ ಹೆಣ್ಣುಮಕ್ಕಳನ್ನು ತಪಾಸಣೆಗೆ ಕರೆದೊಯ್ಯುವುದು ಗಂಡಸರ ಹೊಣೆಯೂ ಹೌದು.