ಜಾಲಿ ಬಟ್ಟಲಿಗೆ ಕಬ್ಬಿಣದ ಕಪ್ಪು: ಯಾವ ಕಲೆ ಹೋಗುತ್ತೆ, ಯಾವುದು ಹೋಗಲ್ಲ?

ಈ ವಾರ ಬೆಳೆ ವಿಷಯ ಅಲ್ಲ, ಬದುವಿನ ಮರದ ವಿಷಯ. ಹೋದ ವರ್ಷ ನಮ್ಮ ಹೊಲದ ಬದುವಲ್ಲಿದ್ದ ಕರಿಜಾಲಿ ಮರ ಗಾಳಿಗೆ ಉರುಳಿತು. ಸೌದೆಗೆ ಕೊಟ್ಟರೆ ಏನೂ ಗಿಟ್ಟಲ್ಲ ಅಂತ, ಪಕ್ಕದ ಊರಿನ ಆಚಾರ್ರ ಹತ್ತಿರ ಲೇತ್‌ನಲ್ಲಿ 24 ಬಟ್ಟಲು ಕಡೆಸಿದೆ. ನನ್ನ ತರಕಾರಿ ಬುಟ್ಟಿ ತಗೊಳ್ಳೋ ಬೆಂಗಳೂರಿನ ಗ್ರಾಹಕರೊಬ್ಬರು ಒಂದಕ್ಕೆ 450 ರೂಪಾಯಿಯಂತೆ ಅಷ್ಟನ್ನೂ ಕೇಳಿದ್ದರು.

ಕಳಿಸೋ ಹಿಂದಿನ ದಿನ ಧೂಳು ಹೋಗಲಿ ಅಂತ ಬೋರ್ ನೀರಲ್ಲಿ ತೊಳೆದು, ಹಳೆ ಕಬ್ಬಿಣದ ಜಾಲರಿ ಮೇಲೆ ಬೋರಲು ಹಾಕಿದೆ. ಬೆಳಗ್ಗೆ ನೋಡಿದರೆ ಎಲ್ಲ ಬಟ್ಟಲಿಗೂ ಇಂಕು ಚೆಲ್ಲಿದ ಹಾಗೆ ನೀಲಿಗಪ್ಪು ಪಟ್ಟೆ! ಹತ್ತು ಸಾವಿರದ ಮಾಲು ಹೋಯ್ತಲ್ಲ ಅಂತ ಕೈಕಾಲು ಆಡಲಿಲ್ಲ.

ಯಾಕೆ ಹೀಗಾಗುತ್ತೆ?

ಕಬ್ಬಿಣದ ಚಾಕುವಲ್ಲಿ ಬಾಳೆಕಾಯಿ ಹೆಚ್ಚಿದರೆ, ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಬೇಯಿಸಿದರೆ ಕಪ್ಪಾಗುತ್ತಲ್ಲ, ಇದೂ ಅದೇ. ಒಗರಿನ ಅಂಶವಾದ ಟ್ಯಾನಿನ್, ಕಬ್ಬಿಣ, ತೇವ ಮೂರೂ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತೆ. ಜಾಲಿಯಲ್ಲಿ ಟ್ಯಾನಿನ್ ಜಾಸ್ತಿ. ತೊಗಟೆಯನ್ನ ಚರ್ಮ ಹದ ಮಾಡೋಕೆ ಬಳಸೋದೂ ಅದಕ್ಕೇ. ನಮ್ಮ ಬೋರ್ ನೀರಲ್ಲೂ ಕಬ್ಬಿಣ ಇದೆ, ಡ್ರಿಪ್ ಪೈಪಲ್ಲಿ ಕೆಂಪು ಗಸಿ ಕಟ್ಟುತ್ತೆ. ತೋಟಗಾರಿಕೆ ಓದಿ ಇಷ್ಟು ಗೊತ್ತಿದ್ದೂ ಆವತ್ತು ತಲೆ ಓಡಲಿಲ್ಲ ನೋಡಿ.

ಮೊದಲು ಕಲೆ ಪರೀಕ್ಷೆ ಮಾಡಿ

ಎಲ್ಲ ಕಪ್ಪೂ ಕಬ್ಬಿಣದ್ದಲ್ಲ. ಹಸಿ ಮರಕ್ಕೆ ಬೂಷ್ಟು ಹಿಡಿದರೂ ನೀಲಿಗಪ್ಪಾಗುತ್ತೆ. ಕಲೆ ಮೇಲೆ ನಿಂಬೆರಸ ಬಿಟ್ಟು ಹತ್ತು ಹದಿನೈದು ನಿಮಿಷ ಕಾಯಿರಿ. ತಿಳಿಯಾದರೆ ಕಬ್ಬಿಣದ್ದು. ಒಂಚೂರೂ ಬದಲಾಗದಿದ್ದರೆ ಬೂಷ್ಟು ಇರಬಹುದು. ಅದಕ್ಕೆ ಮುಂದೆ ಹೇಳೋ ವಿಧಾನ ಕೆಲಸ ಮಾಡಲ್ಲ.

ತೆಗೆಯೋದು ಹೇಗೆ?

ತೆಳು ಕಲೆಗೆ, ಮತ್ತೆ ಊಟ ಬಡಿಸೋ ಒಳಭಾಗಕ್ಕೆ ನಾನು ನಿಂಬೆರಸ ಬಿಟ್ಟು ಬೇರೇನೂ ಹಾಕಲ್ಲ. ಎರಡು ಮೂರು ಸಲ ಹಚ್ಚಬೇಕಾಗುತ್ತೆ. ಹೊರಭಾಗದ ಗಟ್ಟಿ ಕಲೆಗೆ ಆಕ್ಸಾಲಿಕ್ ಆಮ್ಲ ಬೇಕು. ಹಾರ್ಡ್‌ವೇರ್ ಅಥವಾ ಕೆಮಿಕಲ್ ಅಂಗಡಿಯಲ್ಲಿ ಬಿಳಿ ಹರಳಿನ ರೂಪದಲ್ಲಿ ಸಿಗುತ್ತೆ.

1. ಎಣ್ಣೆ, ಮೇಣ, ಪಾಲಿಶ್ ಇದ್ದರೆ ಮೊದಲು ಉಜ್ಜಿ ತೆಗೆಯಿರಿ. ಇಲ್ಲದಿದ್ದರೆ ಆಮ್ಲ ಒಳಗೆ ಇಳಿಯಲ್ಲ.
2. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಹಾಕಿ ಕರಗಿಸಿ. ಕಬ್ಬಿಣ, ಅಲ್ಯುಮಿನಿಯಂ ಪಾತ್ರೆ ಬೇಡ.
3. ಕಲೆ ಇರೋ ಕಡೆ ಮಾತ್ರ ಹಚ್ಚಿದರೆ ಅಲ್ಲಿ ಬಿಳಿ ಮಚ್ಚೆ ಉಳಿಯುತ್ತೆ. ಹೊರಭಾಗಕ್ಕೆಲ್ಲ ಒಂದೇ ಸಮ ಹಚ್ಚಿ. 15–20 ನಿಮಿಷದಲ್ಲಿ ಕಪ್ಪು ಕರಗೋದು ಕಣ್ಣಿಗೇ ಕಾಣುತ್ತೆ.
4. ಮೂರು ನಾಲ್ಕು ಸಲ ಮಳೆನೀರು ಅಥವಾ ಫಿಲ್ಟರ್ ನೀರಲ್ಲಿ ತೊಳೆಯಿರಿ. ಕಬ್ಬಿಣ ಇರೋ ಬೋರ್ ನೀರಾದರೆ ಕಲೆ ಮತ್ತೆ ಬರುತ್ತೆ. ಜಾಲಿಯಂಥ ಮರಕ್ಕೆ ಅಡುಗೆ ಸೋಡಾ ಹಾಕಿ ತೊಳೆಯಬೇಡಿ, ಸೋಡಾಗೆ ಮರದ ಬಣ್ಣ ಗಾಢವಾಗುತ್ತೆ.
5. ನೆರಳಲ್ಲಿ ಚೆನ್ನಾಗಿ ಒಣಗಿಸಿ, 220 ನಂಬರ್ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ. ಸ್ಟೀಲ್ ವುಲ್ ಮುಟ್ಟಲೇಬೇಡಿ, ಅದರ ಪುಡಿ ಮರದಲ್ಲಿ ಉಳಿದರೆ ತೇವಕ್ಕೆ ಮತ್ತೆ ಕಪ್ಪು ಚುಕ್ಕೆ.

ಎಚ್ಚರಿಕೆ: ಆಕ್ಸಾಲಿಕ್ ಆಮ್ಲ ವಿಷ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಉಜ್ಜುವಾಗ ಮಾಸ್ಕ್ ಇರಲೇಬೇಕು. ಹರಳು ಸಕ್ಕರೆ ಥರ ಕಾಣುತ್ತೆ, ಡಬ್ಬಿ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಉಳಿದ ನೀರಿಗೆ ಸುಣ್ಣ ಕಲಸಿ, ದನಕರು ಬಾಯಿ ಹಾಕದ ಕಡೆ, ಬಾವಿಯಿಂದ ದೂರ ಗುಂಡಿ ತೋಡಿ ಸುರಿಯಿರಿ.

ಹೋಗದ ಕಲೆ

24ರಲ್ಲಿ 21 ಬಟ್ಟಲು ಹೊಸದರಂತೆ ಆದವು. ಮೂರು ಮಾತ್ರ ಎಷ್ಟು ಸಲ ಹಚ್ಚಿದರೂ ಹಾಗೇ ಉಳಿದವು. ಆಚಾರ್ರು ಒಂದನ್ನ ಕೈಗೆ ತಗೊಂಡು, "ಇದು ಮೇಲಿಂದ ಬಂದ ಕಲೆ ಅಲ್ಲ ಕಣಪ್ಪ. ಮೊಳೆ ಮರದ ಹೊಟ್ಟೇಲೇ ಇತ್ತು, ನನ್ನ ಉಳಿ ಬಾಯಿ ಹೋಗಿದ್ದೂ ಇದೇ ತುಂಡಲ್ಲಿ" ಅಂದ್ರು.

ಆಗ ನೆನಪಾಯ್ತು. ನಾನು ಹೈಸ್ಕೂಲಲ್ಲಿದ್ದಾಗ ಅಪ್ಪ ಬೇಲಿ ತಂತಿ ಬಿಗಿಯೋಕೆ ಅದೇ ಮರಕ್ಕೆ ಮೊಳೆ ಹೊಡೆದಿದ್ದರು, ಮೊಳೆ ಕೊಟ್ಟವನು ನಾನೇ. ಮರ ಬೆಳೀತಾ ಮೊಳೆಯನ್ನ ನುಂಗಿತ್ತು. ತುಕ್ಕು ಎಳೆಗುಂಟ ಮೇಲಕ್ಕೂ ಕೆಳಕ್ಕೂ ಹರಿದಿತ್ತು. ಮೇಲೆ ಹಚ್ಚಿದ ಆಮ್ಲ ಅಷ್ಟು ಆಳಕ್ಕೆ ಹೋಗಲ್ಲ. ಲೇತ್ ತಿರುಗುವಾಗ ಉಳಿಗೆ ಮೊಳೆ ಸಿಕ್ಕಿದ್ದು ಆಚಾರ್ರ ಕಣ್ಣಿಗೆ ಹಾರಿದ್ದರೆ? ಮೂರು ಬಟ್ಟಲಿನ ಲೆಕ್ಕ ಅದರ ಮುಂದೆ ಏನೂ ಅಲ್ಲ.

ಅದಕ್ಕೇ ಹೇಳೋದು, ಬದುವಿನ ಮರಕ್ಕೆ ಮೊಳೆ ಹೊಡೆಯಬೇಡಿ. ತಂತಿಗೆ ಕಲ್ಲುಕಂಬ ನೆಡಿ. ಈಗಾಗಲೇ ಹೊಡೆದಿದ್ದರೆ ಎಲ್ಲಿ ಅಂತ ಫೋಟೋ ತೆಗೆದಿಟ್ಟುಕೊಳ್ಳಿ, ಮರ ಕೊಡುವಾಗ ಕೊಯ್ಯುವವರಿಗೆ ತೋರಿಸಿ.

ಗ್ರಾಹಕರಿಗೆ ಇದ್ದದ್ದು ಇದ್ದ ಹಾಗೆ ಹೇಳಿ 21 ಬಟ್ಟಲು ಕಳಿಸಿದೆ, ತಗೊಂಡರು. ಉಳಿದ ಮೂರರಲ್ಲಿ ಅಮ್ಮ ಬೀಜ ಹಾಕಿಟ್ಟಿದ್ದಾರೆ. ಅಪ್ಪ ಮಾತ್ರ ಒಂದನ್ನ ತಿರುಗಿಸಿ ತಿರುಗಿಸಿ ನೋಡಿ, "ಆವತ್ತೇ ಕಲ್ಲುಕಂಬ ತರಬೇಕಿತ್ತು, ದುಡ್ಡಿರಲಿಲ್ಲ" ಅಂದ್ರು.